ನಾಯಕತ್ವದ ಬೇಸಿಗೆ ಶಿಬಿರಕ್ಕೆ ಮಗಳನ್ನು ಕಳಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ರಾಣೆಬೆನ್ನೂರು. ಮಗಳು ಈಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದಾಳೆ. ಏಪ್ರಿಲ್ ಕೊನೆಗೆ ‘ವಿದ್ಯಾರ್ಥಿ ನಾಯಕತ್ವ ಮತ್ತು ಉದ್ಯಮಶೀಲತೆ’ ಅಂತ 6 ದಿನದ ವಸತಿ ಶಿಬಿರ ಇದೆ. ಶುಲ್ಕ 9,000 ರೂಪಾಯಿ. ‘ನಿಮ್ಮ ಮಗು ನಾಳಿನ ಸಿಇಒ’ ಅಂತ ಕರಪತ್ರದಲ್ಲಿ ಹಾಕಿದ್ದಾರೆ. ಗೆಳತಿಯರು ಹೋಗುತ್ತಾರೆ ಅಂತ ಇವಳೂ ಹಟ ಹಿಡಿದಿದ್ದಾಳೆ. ಆದರೆ ಇವಳದು ಮಾತು ಬಹಳ ಕಡಿಮೆ. ನೆಂಟರು ಬಂದರೆ ಒಳಗೆ ಹೋಗಿ ಕೂರುವ ಹುಡುಗಿ. ನಮ್ಮ ಮನೆಯವರು ‘ದುಡ್ಡು ದಂಡ, ಎಸ್ಸೆಸ್ಸೆಲ್ಸಿ ಗಣಿತಕ್ಕೆ ಟ್ಯೂಶನ್ ಹಾಕು’ ಅನ್ನುತ್ತಾರೆ. ನಾನು ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ, 9,000 ನಮಗೆ ಸಣ್ಣ ಮೊತ್ತ ಅಲ್ಲ. ಇಂಥ ಶಿಬಿರದಲ್ಲಿ ದಿನವಿಡೀ ಏನು ಮಾಡಿಸುತ್ತಾರೆ? ಕಳಿಸಬೇಕಾ, ಬೇಡವಾ?

ಉತ್ತರ: ನಮಸ್ಕಾರ ತಾಯಿ. ನಾನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿದವನು. 14 ಬೇಸಿಗೆ ಇಂಥ ಶಿಬಿರಗಳನ್ನು ನಡೆಸಿದ್ದೇನೆ. ಹಾಗಾಗಿ ಉತ್ತರದಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಇರುತ್ತದೆ, ಸಹಿಸಿಕೊಳ್ಳಿ.

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಶಿಬಿರದವರಿಗೆ ಫೋನ್ ಮಾಡಿ ಎರಡೇ ಎರಡು ಪ್ರಶ್ನೆ ಕೇಳಿ. ‘ಮಕ್ಕಳು ಯಾವ ದಿನ, ಯಾರಿಗೆ, ಏನನ್ನು ಮಾರುತ್ತಾರೆ? ಅವತ್ತು ರಾತ್ರಿ ಅದರ ಲೆಕ್ಕ ಯಾರು ಬರೆಯುತ್ತಾರೆ?’ ತಡವರಿಸದೆ ಉತ್ತರ ಬಂದರೆ ಕಳಿಸುವ ಯೋಚನೆ ಮಾಡಿ. ‘ಮಾರೋದೆಲ್ಲ ಇಲ್ಲ ಮೇಡಂ, ಕೊನೇ ದಿನ ಎಲ್ಲರೂ ಐಡಿಯಾ ಪ್ರೆಸೆಂಟ್ ಮಾಡ್ತಾರೆ, ಸರ್ಟಿಫಿಕೇಟ್ ಕೊಡ್ತೀವಿ’ ಅಂದರೆ ನಿಮ್ಮ ಮನೆಯವರು ಹೇಳಿದ್ದೇ ಸರಿ.

ಯಾಕೆ ಅಂತ ಹೇಳಬೇಕಾದರೆ ನಮ್ಮ ಶಿಬಿರದ ಒಂದು ದಿನ ಹೇಗಿರುತ್ತದೆ ಅಂತ ಹೇಳಬೇಕು. ನಮ್ಮದು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರು. 40 ಮಕ್ಕಳು, ಐದೈದು ಜನರ 8 ತಂಡ. ಎಂಟನೇ ತರಗತಿಯಿಂದ ಫಸ್ಟ್ ಪಿಯುವರೆಗಿನವರು. ಊರಿನ ಸಂತೆ ಯಾವತ್ತು ಬೀಳುತ್ತದೋ ಅದಕ್ಕೆ ಸರಿಯಾಗಿ ಶಿಬಿರದ ತಾರೀಕು ಇಟ್ಟುಕೊಳ್ಳುತ್ತೇವೆ. ಮೂರನೇ ದಿನಕ್ಕೆ ಸಂತೆ ಬರಬೇಕು. ಮೊದಲೆರಡು ದಿನ ಮಕ್ಕಳಿಗೆ ಪರಸ್ಪರ ಹೆಸರೇ ಸರಿಯಾಗಿ ಗೊತ್ತಿರುವುದಿಲ್ಲ. ಐದನೇ ದಿನಕ್ಕೆ ಹಾಕಿದರೆ ಮನಸ್ಸು ಆಗಲೇ ಮನೆ ಕಡೆ ತಿರುಗಿರುತ್ತದೆ.

ಬೆಳಿಗ್ಗೆ 6ಕ್ಕೆ ಗಂಟೆ. ಎದ್ದ ತಕ್ಷಣ ಚೀಟಿ ಎತ್ತುವುದು. ಪ್ರತಿ ತಂಡಕ್ಕೂ ಅವತ್ತಿನ ನಾಯಕ ಅಥವಾ ನಾಯಕಿ ಯಾರು ಅನ್ನುವುದು ಚೀಟಿಯಲ್ಲಿ ಬರುತ್ತದೆ. ಶುರುವಿನ ವರ್ಷಗಳಲ್ಲಿ ನಾವು ಚುನಾವಣೆ ಮಾಡುತ್ತಿದ್ದೆವು. ಗಟ್ಟಿ ಗಂಟಲಿನವರೇ ಗೆದ್ದು, ಆರೂ ದಿನ ಅವರೇ ಮೆರೆಯುತ್ತಿದ್ದರು. ಉಳಿದ ನಾಲ್ವರು ಚಪ್ಪಾಳೆ ತಟ್ಟುವುದನ್ನು ಕಲಿತು ಮನೆಗೆ ಹೋಗುತ್ತಿದ್ದರು. ಚೀಟಿ ಶುರು ಮಾಡಿದ ಮೇಲೆ ಎಲ್ಲರಿಗೂ ಒಂದೊಂದು ದಿನ ಸಿಗುತ್ತದೆ. ಬೇಡ ಅಂದವರಿಗೂ ಬಿಡುವುದಿಲ್ಲ.

ನಾಯಕನ ಮೊದಲ ಕೆಲಸ ಕಕ್ಕಸು, ಬಚ್ಚಲು ತೊಳೆಯುವ ಸರದಿ ಹಂಚುವುದು. ತನ್ನ ಹೆಸರನ್ನೂ ಹಾಕಿಕೊಳ್ಳಬೇಕು. ಎರಡನೆಯದು ತಿಂಡಿ ಬಡಿಸುವುದು. ಮದುವೆ ಮನೆಯಲ್ಲಿ ಮನೆಯವರು ಕೊನೇ ಪಂಕ್ತಿಗೆ ಕೂರುತ್ತಾರಲ್ಲ, ಹಾಗೆ ಅವತ್ತಿನ ನಾಯಕರೂ ಕೊನೆಗೆ ಕೂರುತ್ತಾರೆ. ಉಪ್ಪಿಟ್ಟು ಮುಗಿದುಹೋಗಿ ತಳದ ಸೀಕು ಮಾತ್ರ ಸಿಕ್ಕ ನಾಯಕನನ್ನು ನೋಡಬೇಕು ನೀವು. ಮರುದಿನ ಅದೇ ಹುಡುಗ ಬೇರೆಯವರ ಕೈಕೆಳಗೆ ಬಡಿಸುವಾಗ ಸೌಟು ಎಷ್ಟು ಹುಷಾರಾಗಿ ಆಡಿಸುತ್ತಾನೆ ಅಂತೀರಿ!

ಹಿಂದಿನ ರಾತ್ರಿ ಒಂದು ಆಟ ಆಡಿಸಿರುತ್ತೇವೆ. ಅಮೆರಿಕದಲ್ಲಿ ಶುರುವಾಗಿ ಈಗ ಎಲ್ಲ ಶಿಬಿರಗಳಲ್ಲೂ ಆಡಿಸುವ ಆಟ ಅದು. ಅಲ್ಲಿ 20 ಸ್ಪಾಗೆಟ್ಟಿ ಕಡ್ಡಿ (ಬೇಯಿಸದ ಶಾವಿಗೆ ಥರದ ಉದ್ದ ಕಡ್ಡಿ), ಒಂದು ಗಜ ಟೇಪು, ಒಂದು ಗಜ ದಾರ, ಮಾರ್ಷ್‌ಮ್ಯಾಲೋ ಅನ್ನುವ ಒಂದು ಮೆತ್ತನೆಯ ಮಿಠಾಯಿ ಕೊಡುತ್ತಾರೆ. 18 ನಿಮಿಷದಲ್ಲಿ ಎತ್ತರದ ಗೋಪುರ ಕಟ್ಟಿ ತುದಿಯಲ್ಲಿ ಮಾರ್ಷ್‌ಮ್ಯಾಲೋ ಕೂರಿಸಬೇಕು. ನಾವು ತೆಂಗಿನ ಪೊರಕೆ ಕಡ್ಡಿ, ಮೇಲಕ್ಕೊಂದು ಪುಟ್ಟ ನಿಂಬೆಕಾಯಿ ಕೊಡುತ್ತೇವೆ. ಅಲ್ಲಿ ಹಲವು ಗುಂಪುಗಳಿಗೆ ಆಡಿಸಿ ನೋಡಿದಾಗ ಬಿಸಿನೆಸ್ ಸ್ಕೂಲಿನಿಂದ ಆಗಷ್ಟೇ ಹೊರಬಂದವರಿಗಿಂತ ಶಿಶುವಿಹಾರದ ಮಕ್ಕಳೇ ಎತ್ತರ ಕಟ್ಟಿದರಂತೆ. ಕಾರಣ ಸರಳ. ದೊಡ್ಡವರು ಯಾರು ಮುಖ್ಯಸ್ಥ ಅಂತ ತೀರ್ಮಾನ ಮಾಡಿ, ಪ್ಲಾನ್ ಬರೆದು, ಕಟ್ಟಿ, ಕೊನೇ ನಿಮಿಷದಲ್ಲಿ ಮೇಲಿನದನ್ನು ಇಡುತ್ತಾರೆ. ಗೋಪುರ ದಬ್ಬನೆ ಬೀಳುತ್ತದೆ. ಪುಟ್ಟ ಮಕ್ಕಳು ಮೊದಲ ನಿಮಿಷದಿಂದಲೇ ಇಟ್ಟು ಇಟ್ಟು ನೋಡುತ್ತಾರೆ. ನಮ್ಮಲ್ಲಿ ಹೈಸ್ಕೂಲು ಮಕ್ಕಳು ದೊಡ್ಡವರ ಹಾಗೇ ಆಡಿ, ನಿಂಬೆಕಾಯಿ ಉರುಳಿಸಿಕೊಂಡು ಮಲಗುತ್ತಾರೆ. ಬೆಳಗಾದರೆ ಸಂತೆ, ಅಲ್ಲೂ ಬಹಳಷ್ಟು ತಂಡಗಳು ಅದೇ ತಪ್ಪು ಮಾಡುತ್ತವೆ. ಮಾಡಲಿ ಅಂತಲೇ ಬಿಡುತ್ತೇವೆ.

ತಿಂಡಿ ಆದ ಮೇಲೆ ಪ್ರತಿ ತಂಡಕ್ಕೆ 500 ರೂಪಾಯಿ ಸಾಲ ಕೊಡುತ್ತೇವೆ. ಪುಸ್ತಕದಲ್ಲಿ ಐದೂ ಜನ ಸಹಿ ಹಾಕಬೇಕು, ಸಂಜೆ ಅಸಲು ವಾಪಸ್ ಕೊಡಬೇಕು. ದೆಹಲಿಯ ಸರ್ಕಾರಿ ಶಾಲೆಗಳಲ್ಲೂ 2021ರಲ್ಲಿ ಹೀಗೊಂದು ದೊಡ್ಡ ಪ್ರಯೋಗ ಶುರುವಾಯಿತು. ಬಿಸಿನೆಸ್ ಬ್ಲಾಸ್ಟರ್ಸ್ ಅಂತ ಹೆಸರು. 11 ಮತ್ತು 12ನೇ ತರಗತಿ ಮಕ್ಕಳಿಗೆ ತಲಾ 2,000 ರೂಪಾಯಿ ಮೂಲ ಬಂಡವಾಳ ಕೊಟ್ಟು, ತಂಡ ಕಟ್ಟಿ ಏನಾದರೂ ವ್ಯಾಪಾರ ಮಾಡಿ ಅಂದರು. ನಮ್ಮಲ್ಲಿ ಇದು ಹೊಸದೇನಲ್ಲ. ಪ್ರೈಮರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ನೋಡಿರುತ್ತೀರಿ. ನಿಮ್ಮ ಮಗಳೂ ಒಮ್ಮೆ ಕೊತ್ತಂಬರಿ, ನಿಂಬೆಹಣ್ಣು ಇಟ್ಟುಕೊಂಡು ಕೂತಿರಬಹುದು. ತೊಂದರೆ ಏನೆಂದರೆ ಅಲ್ಲಿ ಕೊಳ್ಳುವವರು ಅಪ್ಪ, ಅಮ್ಮ, ಟೀಚರು. ಹತ್ತು ರೂಪಾಯಿಯದಕ್ಕೆ ಇಪ್ಪತ್ತು ಕೊಟ್ಟು ‘ಚಿಲ್ಲರೆ ಇಟ್ಕೊ ಪುಟ್ಟಾ’ ಅನ್ನುತ್ತಾರೆ. ಮನೆಯಿಂದ ತಂದ ಮಾಲಿಗೆ ಅಸಲೇ ಇರುವುದಿಲ್ಲ. ಹೀಗಾಗಿ ಎಲ್ಲರಿಗೂ ಲಾಭ!

ನಿಜವಾದ ಸಂತೆಯಲ್ಲಿ ಯಾರೂ ಪುಟ್ಟಾ ಅನ್ನುವುದಿಲ್ಲ.

ಒಂದು ವರ್ಷದ ಮಜ್ಜಿಗೆ ತಂಡದ ಕತೆ ಹೇಳುತ್ತೇನೆ. ಮೂವರು ಹುಡುಗಿಯರು, ಇಬ್ಬರು ಹುಡುಗರು. ಅವತ್ತಿನ ಚೀಟಿ ಬಂದದ್ದು ಹೆಚ್ಚು ಮಾತೇ ಆಡದ ಒಬ್ಬ ಹುಡುಗನಿಗೆ. 4 ಲೀಟರ್ ಮೊಸರು, 200 ರೂಪಾಯಿ. ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಉಪ್ಪು ಸೇರಿ 40. ಪೇಪರ್ ಲೋಟ 80. ಐಸು 60. ಒಟ್ಟು 380. ಕುದಿಸಿ ಆರಿಸಿದ ನೀರು ಬೆರೆಸಿ 12 ಲೀಟರ್ ಮಜ್ಜಿಗೆ ಆಯಿತು. ಲೋಟಕ್ಕೆ 150 ಮಿಲಿಯ ಹಾಗೆ 80 ಲೋಟ. ರೇಟು 10 ರೂಪಾಯಿ. 800 ಬರುತ್ತದೆ, 420 ಲಾಭ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಹೊರಟರು.

10 ಗಂಟೆಗೆ ಸಂತೆಗೆ ಹೋದರೆ ಜಾಗ ಇಲ್ಲ. ಒಳ್ಳೆ ಜಾಗವೆಲ್ಲ ಬೆಳಿಗ್ಗೆ ಆರಕ್ಕೇ ಹೋಗಿರುತ್ತದೆ. ಕೊನೆಗೆ ಕೊತ್ತಂಬರಿ ಮಾರುವ ಅಜ್ಜಿಯೊಬ್ಬರು ತಮ್ಮ ಗೋಣಿತಾಟು ಸ್ವಲ್ಪ ಸರಿಸಿಕೊಂಡು ಜಾಗ ಕೊಟ್ಟರು. ಕೂತು ಹತ್ತು ನಿಮಿಷವಾಗಿಲ್ಲ, ಸುಂಕದವನು ಬಂದು 30 ರೂಪಾಯಿಗೆ ಚೀಟಿ ಹರಿದ. ಹುಡುಗರು ಮುಖ ಮುಖ ನೋಡಿಕೊಂಡರು. ಸುಂಕ ಅಂತ ಒಂದು ಇದೆ ಅನ್ನುವುದೇ ಅವರ ಪ್ಲಾನಿನಲ್ಲಿ ಇರಲಿಲ್ಲ.

ಮೊದಲ ಅರ್ಧ ಗಂಟೆ ಒಂದು ಲೋಟವೂ ಹೋಗಲಿಲ್ಲ. ಐವರೂ ಸುಮ್ನೆ ನಿಂತಿದ್ದಾರೆ. ಅಜ್ಜಿಯೇ ಹತ್ತು ರೂಪಾಯಿ ಕೊಟ್ಟು ಬೋಣಿ ಮಾಡಿದರು. ಕುಡಿದು, ‘ಉಪ್ಪು ಕಮ್ಮಿ ಆಗೈತೆ ಮಗಾ, ಬಿಸಿಲಲ್ಲಿ ಬೆವರು ಹರಿಸೋರಿಗೆ ಉಪ್ಪು ಬೇಕು’ ಅಂದರು. ಉಪ್ಪು ಹಾಕಿದರು. ಆಮೇಲೆ ಒಬ್ಬಳು ಹುಡುಗಿ ಯಾರೂ ಹೇಳದೆ ನಾಲ್ಕು ಲೋಟ ತಟ್ಟೆಯಲ್ಲಿಟ್ಟುಕೊಂಡು ಮೂಟೆ ಇಳಿಸುತ್ತಿದ್ದ ಹಮಾಲರ ಕಡೆ ನಡೆದಳು. ನಾಲ್ಕೂ ಹೋದವು, ಇನ್ನಾರು ತಾ ಅಂದರು. ಗಿರಾಕಿ ಕೂತಲ್ಲಿಗೆ ಬರುತ್ತಾನೆ ಅಂತ ಕಾಯುವ ಬದಲು ಬಾಯಾರಿದವರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋದಳಲ್ಲ, ನಾನು ಕಾಮರ್ಸ್ ಕ್ಲಾಸಿನಲ್ಲಿ ‘ಮಾರುಕಟ್ಟೆ ವಿಭಜನೆ’ ಅಂತ ಎರಡು ಪೀರಿಯಡ್ ತೆಗೆದುಕೊಳ್ಳುತ್ತಿದ್ದುದು ಇದೇ.

ಇನ್ನೊಂದು ಪೇಚು ಚಿಲ್ಲರೆಯದು. ಈಗಿನ ಸಂತೆಯಲ್ಲಿ ಅರ್ಧ ಜನ ‘ಫೋನ್‌ಪೇ ಇದ್ಯಾ?’ ಅನ್ನುತ್ತಾರೆ, ಇನ್ನರ್ಧ ಜನ 200ರ ನೋಟು ಹಿಡಿದಿರುತ್ತಾರೆ. ಮಕ್ಕಳ ಹತ್ತಿರ ಎರಡಕ್ಕೂ ದಾರಿ ಇರಲಿಲ್ಲ. ಏಳೆಂಟು ಗಿರಾಕಿ ಹಾಗೇ ಹೋದರು. ಅಷ್ಟರಲ್ಲಿ ಆ ಮಾತಾಡದ ಹುಡುಗ ನಾಯಕ ಕಾಣಲಿಲ್ಲ. ಓಡಿಹೋದನಾ ಅಂತ ನನಗೆ ಗಾಬರಿ. ಬಸ್‌ಸ್ಟ್ಯಾಂಡ್ ಎದುರಿನ ಟೀ ಅಂಗಡಿಗೆ ಹೋಗಿ, ಎರಡು ಲೋಟ ಮಜ್ಜಿಗೆ ಕೊಟ್ಟು, ಇದ್ದ ನೋಟುಗಳಿಗೆ ಹತ್ತರ ನಾಣ್ಯ ಮಾಡಿಸಿಕೊಂಡು ಬಂದ. ವಾಪಸ್ ಬಂದು ಏನೂ ಹೇಳಲಿಲ್ಲ, ನಾಣ್ಯಗಳನ್ನು ಡಬ್ಬಿಗೆ ಸುರಿದು ಲೋಟ ತುಂಬಲು ಕೂತ.

ನಿಮ್ಮ ಮಗಳ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಈ ಹುಡುಗ.

ಮಧ್ಯಾಹ್ನ 2ಕ್ಕೆ ಮೋಡ ಕವಿಯಿತು. ಮಜ್ಜಿಗೆ ಯಾರಿಗೂ ಬೇಡ. ಪಕ್ಕದಲ್ಲಿ ಅಜ್ಜಿ ಕಟ್ಟಿಗೆ ಹತ್ತು ಅನ್ನುತ್ತಿದ್ದ ಕೊತ್ತಂಬರಿಯನ್ನು ‘ಎರಡು ಕಟ್ಟಿಗೆ ಹತ್ತು’ ಅಂತ ಕೂಗಲು ಶುರು ಮಾಡಿದ್ದರು, ಮೇಲೊಂದು ಹಿಡಿ ಕೊಸರು ಬೇರೆ. ಅದನ್ನು ನೋಡಿ ಇವರೂ ಲೋಟಕ್ಕೆ 5 ರೂಪಾಯಿ ಮಾಡಿದರು. ಒಬ್ಬ ಹುಡುಗ ಒಪ್ಪಲೇ ಇಲ್ಲ. ‘ಹತ್ತಕ್ಕೆ ತಗೊಂಡವರಿಗೆ ಮೋಸ ಆಗಲ್ವಾ?’ ಅಂತ ವಾದ. ಒಳ್ಳೆಯ ವಾದವೇ. ಆ ಕಡೆ ಮಜ್ಜಿಗೆ ಹುಳಿಯಾಗುತ್ತಿತ್ತು, ಈ ಕಡೆ ಇವರ ಜಗಳ. ನಾವು ನಡುವೆ ಬಾಯಿ ಹಾಕಲಿಲ್ಲ. ಅಲ್ಲಿ ನಮ್ಮ ಕೆಲಸ ಬಾಯಿ ಮುಚ್ಚಿಕೊಂಡು ನಿಲ್ಲುವುದು. ಬಹಳ ಕಷ್ಟದ ಕೆಲಸ ಅದು, ಮೇಷ್ಟ್ರಾದವರಿಗೆ ಇನ್ನೂ ಕಷ್ಟ.

ರಾತ್ರಿ 7ಕ್ಕೆ ಲೆಕ್ಕ. ಇಡೀ ಶಿಬಿರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಗಂಟೆ ಇದು. 52 ಲೋಟ ಹತ್ತರಂತೆ ಹೋಗಿತ್ತು, 520. 14 ಲೋಟ ಐದರಂತೆ, 70. ಉಳಿದ 14 ಲೋಟ ಚೆಲ್ಲಿದ್ದು, ತಾವೇ ಕುಡಿದದ್ದು, ಟೀ ಅಂಗಡಿಗೆ ಕೊಟ್ಟದ್ದು. ಒಟ್ಟು ಬಂದದ್ದು 590. ‘210 ಲಾಭ ಸರ್!’ ಅಂತ ಕುಣಿದರು. ಸುಂಕದ 30 ಎಲ್ಲಿ? ಸಾಮಾನು ಹೊತ್ತು ಹೋದ ಆಟೋದ 60 ಎಲ್ಲಿ? ಎರಡನ್ನೂ ಯಾರೂ ಬರೆದಿರಲಿಲ್ಲ. ಕಳೆದರೆ 120. ಸಾಲ ತೀರಿಸಿ ಡಬ್ಬಿಯಲ್ಲಿ ಉಳಿದದ್ದೂ ಸರಿಯಾಗಿ 120. ಲೆಕ್ಕ ಕೂಡಿಬಂದಾಗ ಮಕ್ಕಳ ಮುಖದಲ್ಲಿ ಒಂದು ಥರದ ಬೆರಗು ಇರುತ್ತದೆ. ಗಣಿತದ ಪರೀಕ್ಷೆಯಲ್ಲಿ ಅದನ್ನು ನಾನು ಕಂಡಿಲ್ಲ.

ಆಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ, ಪ್ರತಿ ವರ್ಷ ಅದೇ ಪ್ರಶ್ನೆ. ‘ಎಷ್ಟು ಜನ, ಎಷ್ಟು ಹೊತ್ತು ದುಡಿದಿರಿ?’ ಐದು ಜನ, ನಾಲ್ಕು ಗಂಟೆ. 20 ಗಂಟೆಯ ದುಡಿಮೆ. 120ನ್ನು 20ರಿಂದ ಭಾಗಿಸಿದರೆ ಗಂಟೆಗೆ 6 ರೂಪಾಯಿ. ಗದ್ದಲ ಎಲ್ಲ ನಿಂತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಕೇಳಿದಳು, ‘ಸರ್, ನಮ್ಮಮ್ಮ ಹೂ ಕಟ್ಟುತ್ತಾರೆ. ಅದಕ್ಕೂ ಹೀಗೇ ಲೆಕ್ಕ ಹಾಕಬಹುದಾ?’ ಹಾಕಿದಳು. ಮೊತ್ತ ಎಷ್ಟು ಬಂತು ಅಂತ ನಮಗೆ ತೋರಿಸಲಿಲ್ಲ, ಪುಟ ಮಡಿಚಿಟ್ಟುಕೊಂಡಳು.

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ ತಾಯಿ. ಸಂತೆ ಮತ್ತು ಲೆಕ್ಕ, ಇವೆರಡು ಇಲ್ಲದ ಉದ್ಯಮಶೀಲತಾ ಶಿಬಿರ ಈಜುಕೊಳ ಇಲ್ಲದ ಈಜು ಶಿಬಿರದ ಹಾಗೆ. ಐಡಿಯಾ ಹೇಳುವುದು ಸುಲಭ. ಹದಿನಾಲ್ಕು ವರ್ಷದ ಮಕ್ಕಳು ‘ಒಂದು ಆ್ಯಪ್ ಮಾಡಿ ರೈತರನ್ನೂ ಗಿರಾಕಿಗಳನ್ನೂ ಜೋಡಿಸುತ್ತೇವೆ’ ಅಂತ ಟಿವಿಯಲ್ಲಿ ನೋಡಿದ್ದನ್ನು ಹತ್ತು ಸ್ಲೈಡಿನಲ್ಲಿ ಹೇಳುತ್ತಾರೆ, ತಂದೆತಾಯಿ ವಿಡಿಯೊ ಮಾಡಿಕೊಳ್ಳುತ್ತಾರೆ. ಅಂಥ ಆ್ಯಪನ್ನು ನಾನು ನಮ್ಮ ಶಿಬಿರದಲ್ಲೇ ಕನಿಷ್ಠ 30 ಸಲ ಕೇಳಿರಬೇಕು. ಒಬ್ಬರೂ ಒಬ್ಬ ರೈತನನ್ನು ಕೇಳಿ ಬಂದಿರಲಿಲ್ಲ.

ಹಾಗಂತ ಐಡಿಯಾಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರಾಧ್ಯಾಪಕಿ ವಿದ್ಯಾರ್ಥಿ ತಂಡಗಳಿಗೆ 5 ಡಾಲರ್, ಎರಡು ಗಂಟೆ ಕೊಟ್ಟು ದುಡ್ಡು ಮಾಡಿಕೊಂಡು ಬನ್ನಿ ಅಂದರು. ಕೊನೆಗೆ ತರಗತಿಯ ಮುಂದೆ ಮೂರು ನಿಮಿಷ ಮಾತಾಡಬೇಕಿತ್ತು. ಎಲ್ಲಕ್ಕಿಂತ ಜಾಸ್ತಿ ಗಳಿಸಿದ ತಂಡ ಆ 5 ಡಾಲರ್ ಮುಟ್ಟಲೇ ಇಲ್ಲ. ಆ ಮೂರು ನಿಮಿಷವನ್ನೇ, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹುಡುಕುತ್ತಿದ್ದ ಒಂದು ಕಂಪನಿಗೆ 650 ಡಾಲರಿಗೆ ಮಾರಿಬಿಟ್ಟಿತು. ನಾನು ಮಕ್ಕಳಿಗೆ ಇದನ್ನು ಹೇಳುವುದು ಸಂತೆ ಮುಗಿದ ಮೇಲೆ, ಗಂಟೆಗೆ 6 ರೂಪಾಯಿ ಅಂತ ಗೊತ್ತಾದ ಮೇಲೆ. ಮೊದಲೇ ಹೇಳಿದರೆ ಬರೀ ಜಾಣತನದ ಕತೆಯಾಗಿ ಕೇಳಿಸುತ್ತದೆ.

ಇನ್ನು ನಿಮ್ಮ ಮುಖ್ಯ ಆತಂಕ, ಮಾತು ಕಡಿಮೆ ಅನ್ನುವುದು. ನಾಯಕತ್ವ ಅಂದರೆ ಮೈಕು ಹಿಡಿಯುವುದು ಅಂತ ನಾವೆಲ್ಲ ಹೇಗೋ ನಂಬಿಬಿಟ್ಟಿದ್ದೇವೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಅನ್ನುವ ಮನಃಶಾಸ್ತ್ರಜ್ಞರು ಮತ್ತು ಅವರ ಇಬ್ಬರು ಸಂಗಡಿಗರು ಹತ್ತು ವರ್ಷದ ಆಸುಪಾಸಿನ ಹುಡುಗರ ಚಿಕ್ಕ ಚಿಕ್ಕ ಗುಂಪು ಮಾಡಿ, ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಕೆಲವು ಗುಂಪಿನ ಮೇಲ್ವಿಚಾರಕ ಎಲ್ಲದಕ್ಕೂ ಅಪ್ಪಣೆ ಕೊಡುವವನು. ಕೆಲವು ಗುಂಪಿನವನು ಮಕ್ಕಳನ್ನು ಕೇಳಿ, ಸೇರಿಸಿಕೊಂಡು ತೀರ್ಮಾನ ಮಾಡುವವನು. ಇನ್ನೊಬ್ಬ ಏನಾದರೂ ಮಾಡಿಕೊಳ್ಳಿ ಅಂತ ಬಿಡುವವನು. ಅಪ್ಪಣೆಯ ಗುಂಪು ಅವನು ಎದುರಿಗಿರುವವರೆಗೆ ಜೋರಾಗಿ ಕೆಲಸ ಮಾಡಿತು, ಅವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಕೈಬಿಟ್ಟಿತು. ಕೇಳಿ ಮಾಡುವವನ ಗುಂಪು ಅವನಿಲ್ಲದಾಗಲೂ ಕೆಲಸ ಮುಂದುವರಿಸಿತು. ಹಳೇ ಪ್ರಯೋಗ ಇದು, ಹುಡುಗರೂ ಕೆಲವೇ ಮಂದಿ. ಆದರೂ ನಾನು ಶಿಬಿರದಲ್ಲಿ ಅದೇ ಪರೀಕ್ಷೆ ಇಡುತ್ತೇನೆ. ಅವತ್ತಿನ ನಾಯಕನನ್ನು ಅರ್ಧ ಗಂಟೆ ಆಫೀಸಿಗೆ ಕರೆಸಿ ಸುಮ್ನೆ ಕೂರಿಸಿಕೊಳ್ಳುತ್ತೇನೆ. ಆಚೆ ತಂಡ ಏನು ಮಾಡುತ್ತಿದೆ ಅಂತ ನೋಡಿದರೆ ಆ ನಾಯಕನ ಬಗ್ಗೆ ಬೇಕಾದಷ್ಟು ಗೊತ್ತಾಗುತ್ತದೆ. ಮಾತು ಕಡಿಮೆಯ ಮಕ್ಕಳು ಇದರಲ್ಲಿ ಹಿಂದೆ ಬಿದ್ದದ್ದನ್ನು ನಾನು ನೋಡಿಲ್ಲ.

ಆದರೆ ಒಂದು ಎಚ್ಚರಿಕೆ. ಎರಡನೇ ದಿನವೇ ಎಲ್ಲರನ್ನೂ ವೇದಿಕೆಗೆ ಹತ್ತಿಸಿ ‘ಸ್ಟೇಜ್ ಫಿಯರ್ ಓಡಿಸುತ್ತೇವೆ’ ಅನ್ನುವ ಶಿಬಿರಗಳಿವೆ. 200 ಜನರ ಮುಂದೆ ತೊದಲಿದ ಹುಡುಗಿಯ ಭಯ ಓಡುವುದಿಲ್ಲ, ಗಟ್ಟಿಯಾಗುತ್ತದೆ. ಐದು ಜನರ ಮುಂದೆ, ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದು ‘ನಮಗೆ ಚಿಲ್ಲರೆ ಇಲ್ಲದೆ ಏಳು ಗಿರಾಕಿ ಹೋದರು’ ಅಂತ ಹೇಳುವುದರಿಂದ ಶುರುವಾಗಲಿ. ಹೇಳಲು ವಿಷಯ ಇದ್ದಾಗ ಮಾತು ತಾನಾಗಿ ಬರುತ್ತದೆ.

ಬಹುಮಾನದ ಬಗ್ಗೆಯೂ ಕೇಳಿ. ಇದು ನನ್ನದೇ ತಪ್ಪಿನಿಂದ ಕಲಿತದ್ದು. ನಮ್ಮ ಮೂರನೇ ವರ್ಷದ ಶಿಬಿರದಲ್ಲಿ ದಿನಕ್ಕೊಂದು ಅಂಕಪಟ್ಟಿ ಹಾಕಿ, ಕೊನೆಗೆ ಗೆದ್ದ ತಂಡಕ್ಕೆ ದೊಡ್ಡ ಕಪ್ ಅಂತ ಹೇಳಿದ್ದೆ. ಸಂತೆಯ ಹಿಂದಿನ ರಾತ್ರಿ ಯಾರೋ ಒಂದು ತಂಡದ ಪಾನಕಕ್ಕೆ ಉಪ್ಪು ಸುರಿದಿದ್ದರು. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಇರಲಿಲ್ಲ. ಸುರಿಸಿದ್ದು ನನ್ನ ಕಪ್. ಆಮೇಲೆ ಓದಿದೆ, ಇದು ಬಹಳ ಹಿಂದೆಯೇ ಗೊತ್ತಿದ್ದ ವಿಷಯವಂತೆ. 1954ರಲ್ಲಿ ಅಮೆರಿಕದ ಓಕ್ಲಹೋಮಾದ ರಾಬರ್ಸ್ ಕೇವ್ ಅನ್ನುವ ಜಾಗದಲ್ಲಿ ಮುಜಾಫರ್ ಷರೀಫ್ ಅನ್ನುವ ಮನಃಶಾಸ್ತ್ರಜ್ಞರು ಬೇಸಿಗೆ ಶಿಬಿರವನ್ನೇ ಪ್ರಯೋಗ ಮಾಡಿದ್ದರು. 11-12 ವರ್ಷದ 22 ಹುಡುಗರು, ಎರಡು ಗುಂಪು. ಬಹುಮಾನಕ್ಕೆ ಪಂದ್ಯಗಳನ್ನು ಇಟ್ಟದ್ದೇ ತಡ, ಬೈಗುಳ ಶುರುವಾಯಿತು, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ಕೋಣೆಗೆ ನುಗ್ಗಿದರು. ಒಟ್ಟಿಗೆ ಊಟ ಹಾಕಿದರೆ ತಿನ್ನುವುದನ್ನೇ ಎಸೆದಾಡಿದರು. ಕೊನೆಗೆ ಅವರನ್ನು ಹತ್ತಿರ ತಂದದ್ದು ಎರಡೂ ಗುಂಪಿಗೆ ಬೇಕಾದ ಕೆಲಸ. ಕುಡಿಯುವ ನೀರು ನಿಂತುಹೋಗಿದೆ ಅಂತ ಎಲ್ಲರೂ ಸೇರಿ ಹುಡುಕಬೇಕಾಯಿತು. ಲಾರಿ ಸ್ಟಾರ್ಟ್ ಆಗದೆ ಎಲ್ಲರೂ ಸೇರಿ ಹಗ್ಗ ಹಾಕಿ ಎಳೆಯಬೇಕಾಯಿತು. ನೀರು ನಿಲ್ಲಿಸಿದ್ದೂ ಪ್ರಯೋಗದವರೇ ಅನ್ನಿ! ಹೇಳದೆ ಕೇಳದೆ ಮಕ್ಕಳ ಮೇಲೆ ಹಾಗೆಲ್ಲ ಮಾಡಿದ್ದು ಸರಿಯಾ ಅಂತ ಆಮೇಲೆ ಟೀಕೆಯೂ ಬಂತು. ನಮ್ಮ ಕಡೆ ಬೇಸಿಗೆಯಲ್ಲಿ ನೀರು ನಿಲ್ಲಿಸಲು ಮನಃಶಾಸ್ತ್ರಜ್ಞರು ಬೇಕಾಗಿಲ್ಲ. ಈಗ ಕಪ್ ಇಲ್ಲ. ಎಂಟೂ ತಂಡದ ಲಾಭ ಸೇರಿಸಿ ಕೊನೇ ದಿನದ ಹೋಳಿಗೆ ಊಟ ಮಾಡಿಸುತ್ತೇವೆ. ಲಾಭ ಕಡಿಮೆಯಾದ ವರ್ಷ ಬರೀ ಕೇಸರಿಬಾತು.

ಕರಪತ್ರದ ‘ನಾಳಿನ ಸಿಇಒ’ ವಿಷಯ. ಕೆಲವರು ಶಿಬಿರ ಮುಗಿಯುವಷ್ಟರಲ್ಲಿ ಮಗುವಿನ ಹೆಸರಲ್ಲಿ ಸ್ಟಾರ್ಟಪ್ ನೋಂದಣಿ ಮಾಡಿಸಿಕೊಡುತ್ತೇವೆ ಅಂತ ಹೆಚ್ಚುವರಿ ದುಡ್ಡು ಕೇಳುತ್ತಾರೆ. ದಯವಿಟ್ಟು ಕೊಡಬೇಡಿ. 18 ತುಂಬದವರು ನಮ್ಮ ಕಾನೂನಿನಲ್ಲಿ ಕಂಪನಿಯ ನಿರ್ದೇಶಕರಾಗುವ ಹಾಗಿಲ್ಲ. ಅವರು ಮಾಡಿಕೊಂಡ ಒಪ್ಪಂದಕ್ಕೇ ಬೆಲೆ ಇಲ್ಲ. 1872ರ ಒಪ್ಪಂದ ಕಾಯ್ದೆಯಲ್ಲಿ ಅದಿದೆ, 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿ ಕೋರ್ಟು) ತೀರ್ಪೂ ಬಂದಿದೆ. (ಹಾಗಾದರೆ ನಾವು 500 ರೂಪಾಯಿ ಸಾಲಕ್ಕೆ ಸಹಿ ಹಾಕಿಸಿಕೊಳ್ಳುವುದು? ಕೋರ್ಟಿಗೆ ಹೋದರೆ ನಾನೇ ಸೋಲುತ್ತೇನೆ. ಒಬ್ಬ ಜಾಣ ಹುಡುಗ ಇದನ್ನು ಕಂಡುಹಿಡಿದು ನನಗೇ ಹೇಳಿದ್ದ. ಸಾಲ ಮಾತ್ರ ತೀರಿಸಿದ.) ಅದರ ಬದಲು ಬ್ಯಾಂಕಿಗೆ ಕರೆದುಕೊಂಡು ಹೋಗಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಎಷ್ಟರವರೆಗೆ ಅಂತ ಬ್ಯಾಂಕು ಮಿತಿ ಹಾಕುತ್ತದೆ, ಅಷ್ಟೇ.

9,000ದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, 6 ದಿನ ಊಟ ವಸತಿ ಸೇರಿ ಅದು ಅನ್ಯಾಯದ ದರ ಅಲ್ಲ, ಕಡಿಮೆಯೂ ಅಲ್ಲ. ಯಾವುದಕ್ಕೆ ಎಷ್ಟು ಖರ್ಚು ಅಂತ ಕೇಳಿ. ಲೆಕ್ಕ ಕಲಿಸುವವರು ತಮ್ಮ ಲೆಕ್ಕ ತೋರಿಸಲು ಹಿಂಜರಿಯಬಾರದು, ಅಲ್ವಾ? ಹುಡುಗಿಯರ ಜೊತೆ ರಾತ್ರಿ ಯಾರು ಇರುತ್ತಾರೆ, ಮಹಿಳಾ ಸಿಬ್ಬಂದಿ ಎಷ್ಟು ಜನ, ಹುಷಾರಿಲ್ಲದಿದ್ದರೆ ಯಾವ ಆಸ್ಪತ್ರೆ, ಮನೆಗೆ ಫೋನ್ ಯಾವಾಗ ಮಾಡಿಸುತ್ತಾರೆ, ಇವನ್ನು ಕೇಳಲು ಸಂಕೋಚ ಬೇಡ. ಸಾಧ್ಯವಾದರೆ ಒಮ್ಮೆ ಹೋಗಿ ಜಾಗ ನೋಡಿ ಬನ್ನಿ. ಬಚ್ಚಲುಮನೆ ನೋಡಿ, ಅಡುಗೆಮನೆ ನೋಡಿ. ಸಭಾಂಗಣ ನೋಡುವುದೇನೂ ಬೇಡ.

ಟ್ಯೂಶನ್ನಾ, ಶಿಬಿರವಾ ಅನ್ನುವ ಜಗಳಕ್ಕೆ ಅರ್ಥ ಇಲ್ಲ. ಬೇಸಿಗೆ ರಜೆ ಮೇ ಕೊನೆಯವರೆಗೆ ಇದೆ, ಇದು ಆರು ದಿನ. ಗಣಿತ ಜೂನಿನಲ್ಲೂ ಅಲ್ಲೇ ಇರುತ್ತದೆ.

ದುಡ್ಡು ಹೊಂದದಿದ್ದರೆ ಕೊರಗಬೇಡಿ. ನಿಮ್ಮ ಮನೆಯಲ್ಲೇ ಒಂದು ಉದ್ಯಮ ನಡೆಯುತ್ತಿದೆಯಲ್ಲ. ಕಳಿಸಿದರೂ ಕಳಿಸದಿದ್ದರೂ, ಇವತ್ತಿನಿಂದ ಒಂದು ವಾರ ರೊಟ್ಟಿಯ ಲೆಕ್ಕ ಮಗಳ ಕೈಗೆ ಕೊಡಿ. ಜೋಳ, ಗಿರಣಿ, ಗ್ಯಾಸು ಅಥವಾ ಸೌದೆ, ಪ್ಯಾಕಿಂಗ್ ಕವರು, ತಲುಪಿಸುವ ಪೆಟ್ರೋಲು, ಮುರಿದು ಮಾರಲಾಗದ ರೊಟ್ಟಿ, ಉದ್ರಿ ಹೇಳಿ ಕೊಡದೇ ಇರುವವರ ಹೆಸರು, ಎಲ್ಲ ಬರೆಯಲಿ. ನೀವು ಹಂಚಿನ ಮುಂದೆ ಕೂತ ಗಂಟೆಗಳನ್ನೂ ಬರೆಯಲಿ. ನಿಮ್ಮ ಪತ್ರದಲ್ಲಿ ಒಂದು ರೊಟ್ಟಿಗೆ ಎಷ್ಟು ಅಂತ ನೀವು ಹೇಳಿಲ್ಲ. ಆ ರೇಟು ಕೊನೇ ಸಲ ಏರಿಸಿದ್ದು ಯಾವಾಗ ಅಂತ ಮಗಳು ಕೇಳುತ್ತಾಳೆ ನೋಡಿ. ಆ ಪುಸ್ತಕ ಹಿಡಿದುಕೊಂಡು ಶಿಬಿರಕ್ಕೆ ಹೋದ ಹುಡುಗಿ ಬೇರೆಯವರಿಗಿಂತ ಎರಡು ದಿನ ಮುಂದಿರುತ್ತಾಳೆ.

ಕಳಿಸುವುದಾದರೆ ಒಂದು ಟೋಪಿ, ಹತ್ತಿ ಬಟ್ಟೆ, ನೀರಿನ ಬಾಟಲಿ, ಒಂದು 200 ಪುಟದ ನೋಟ್‌ಬುಕ್ ಸಾಕು. ಎರಡನೇ ದಿನ ರಾತ್ರಿ ಫೋನ್ ಮಾಡಿ ‘ಅಮ್ಮಾ ನನಗೆ ಇಲ್ಲಿ ಸರಿಹೋಗ್ತಿಲ್ಲ, ಬಂದು ಕರ್ಕೊಂಡು ಹೋಗು’ ಅಂತ ಅಳಬಹುದು. ಪ್ರತಿ ವರ್ಷ ಐದಾರು ಮಕ್ಕಳು ಅಳುತ್ತಾರೆ. ಯಾರಾದರೂ ಹೊಡೆದರಾ, ಬೈದರಾ, ಮೈಗೆ ಹುಷಾರಿಲ್ವಾ ಅಂತ ಮಾತ್ರ ಸರಿಯಾಗಿ ಕೇಳಿಕೊಳ್ಳಿ. ಅದರಲ್ಲಿ ಯಾವುದಾದರೂ ಹೌದು ಅಂದರೆ ಅವತ್ತೇ ಬಸ್ಸು ಹತ್ತಿ. ಯಾವುದೂ ಇಲ್ಲ ಅಂದರೆ ‘ನಾಡಿದ್ದು ಬೆಳಿಗ್ಗೆ ಮಾತಾಡೋಣ’ ಅನ್ನಿ. ಅಷ್ಟರಲ್ಲಿ ಸಂತೆ ಮುಗಿದಿರುತ್ತದೆ. ನಾಡಿದ್ದು ನೀವು ಫೋನ್ ಮಾಡಿದರೆ ಬಹುಶಃ ಅವಳು ಎತ್ತುವುದಿಲ್ಲ, ಲೆಕ್ಕ ಬರೆಯುತ್ತಿರುತ್ತಾಳೆ.